ಏರ್‌ಬ್ರಷ್‌ಗೆ ಅಕ್ರಿಲಿಕ್ ಬಣ್ಣ: ಯಾವುದಕ್ಕೆ ಯಾವ ಥಿನ್ನರ್, ಎಷ್ಟು

ಸ್ಕೇಲ್ ಮಾಡೆಲ್‌ಗೆ (ವಿಮಾನ ಮೊದಲಾದವುಗಳ ಪುಟ್ಟ ಪ್ರತಿಕೃತಿಗೆ) ಏರ್‌ಬ್ರಷ್ (ಗಾಳಿಯಿಂದ ಬಣ್ಣ ಸಿಂಪಡಿಸುವ ಉಪಕರಣ) ಹಿಡಿದವರು ಮೊದಲು ಕೇಳುವುದು "ಎಷ್ಟು ಬಣ್ಣಕ್ಕೆ ಎಷ್ಟು ಥಿನ್ನರ್?" ಎಂದು. ಅದಕ್ಕೂ ಮುಂಚೆ ಬಾಟಲಿಯಲ್ಲಿರುವುದು ಯಾವ ಜಾತಿಯ ಬಣ್ಣ ಎಂದು ನೋಡಿಕೊಳ್ಳಬೇಕು. ಅಕ್ರಿಲಿಕ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಜಾತಿಗಳು ಮಾರಾಟವಾಗುತ್ತವೆ. ಒಂದರ ಥಿನ್ನರ್ ಇನ್ನೊಂದಕ್ಕೆ ಬಿದ್ದರೆ ಅಳತೆ ಎಷ್ಟೇ ಸರಿಯಿದ್ದರೂ ಕೆಲಸ ಕೆಡುತ್ತದೆ.

ಟಮಿಯಾದ ಎಕ್ಸ್ (ಹೊಳಪು) ಮತ್ತು ಎಕ್ಸ್‌ಎಫ್ (ಮಂದ) ಸರಣಿ, ಮಿಸ್ಟರ್ ಹಾಬಿಯ ಅಕ್ವಿಯಸ್ ಸರಣಿ ಮೊದಲ ಜಾತಿಯವು. ಮುಚ್ಚಳ ತೆಗೆದರೆ ಸ್ಪಿರಿಟ್ ವಾಸನೆ ಬರುತ್ತದೆ. ಇವು ಒಣಗಿದ ಮೇಲೂ ಆಲ್ಕೋಹಾಲ್‌ಗೆ ಕರಗುತ್ತವೆ. ವಯೆಹೊ ಮಾಡೆಲ್ ಕಲರ್, ಎಕೆಯ ಥರ್ಡ್ ಜನರೇಷನ್ ಮೊದಲಾದವು ಎರಡನೆಯ ಜಾತಿ. ಇವುಗಳಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಂತೆ ಅವು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ, ಆ ಪೊರೆ ಮತ್ತೆ ನೀರಿಗೆ ಕರಗುವುದಿಲ್ಲ. ಇದಕ್ಕೆ ಆಲ್ಕೋಹಾಲ್ ಹಾಕಿದರೆ ಕಣಗಳು ಏರ್‌ಬ್ರಷ್‌ನ ಬಣ್ಣದ ಕಪ್ಪಿನಲ್ಲೇ ಬೆಸೆದುಕೊಂಡು ರಬ್ಬರಿನಂಥ ಗಂಟು ಕಟ್ಟುತ್ತವೆ. ಆಮೇಲೆ ಬಣ್ಣ ಹೊರಬರುವ ನಾಜಲ್ ಬಿಚ್ಚಿ ತೊಳೆಯದೆ ವಿಧಿಯಿಲ್ಲ.

ಟಮಿಯಾ ಬಣ್ಣ

ಕಲಿಯುವವರಿಗೆ ಇದೇ ಸುಲಭ. ಕಂಪನಿಯದೇ ಎಕ್ಸ್-20ಎ ಥಿನ್ನರ್ ಇದೆ. ಅದು ಸಿಗದಿದ್ದರೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಸರ್ಕ್ಯೂಟ್ ಬೋರ್ಡ್ ಒರೆಸಲು ಬಳಸುವ ವಸ್ತುವಾದ್ದರಿಂದ ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಸಿಗುತ್ತದೆ. ಸ್ಯಾನಿಟೈಸರ್ ಮಾತ್ರ ಬೇಡ: ಅದರಲ್ಲಿ ಗ್ಲಿಸರಿನ್ ಇದ್ದರೆ ಬಣ್ಣ ಜಿಗುಟಾಗಿಯೇ ಉಳಿಯುತ್ತದೆ. ಬರೀ ಆಲ್ಕೋಹಾಲ್ ಬೇಗ ಆರುವುದರಿಂದ ಮೇಲ್ಮೈ ಎಕ್ಸ್-20ಎ ಹಾಕಿದಷ್ಟು ನಯವಾಗದು.

ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ಟಮಿಯಾದ ಹಳದಿ ಮುಚ್ಚಳದ ಲ್ಯಾಕರ್ ಥಿನ್ನರ್, ಇಲ್ಲವೇ ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್. ಎರಡನೆಯದರಲ್ಲಿ ನಿಧಾನವಾಗಿ ಆರುವ ಅಂಶ ಸೇರಿರುವುದರಿಂದ ಬಣ್ಣ ಹರಡಿ ಸಮವಾಗಲು ಸಮಯ ಸಿಗುತ್ತದೆ. ಹೊಳಪಿನ ಎಕ್ಸ್ ಬಣ್ಣಗಳನ್ನು ಇದಿಲ್ಲದೆ ಹೊಡೆಯದಿರುವುದೇ ಒಳ್ಳೆಯದು. ವಾಸನೆ ಕಟುವಾಗಿರುತ್ತದೆ, ಅದಕ್ಕೆ ತಕ್ಕ ಮಾಸ್ಕ್ ಬೇಕು. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಅಗ್ಗ ಎಂದು ಬಣ್ಣಕ್ಕೆ ಬೆರೆಸಬೇಡಿ. ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂಬುದು ಡಬ್ಬಿಯಿಂದ ಡಬ್ಬಿಗೆ ಬದಲಾಗುತ್ತದೆ, ಮಾಡೆಲ್ ಮಾಡಿರುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ತಿಂದುಹಾಕಬಹುದು.

ಉದಾಹರಣೆಗೆ 1/48 ಅಳತೆಯ ಸ್ಪಿಟ್‌ಫೈರ್ ಯುದ್ಧವಿಮಾನ ತೆಗೆದುಕೊಳ್ಳಿ. ಮೇಲ್ಭಾಗಕ್ಕೆ ಎಕ್ಸ್‌ಎಫ್-82 ಬೂದು, ಎಕ್ಸ್‌ಎಫ್-81 ಹಸಿರು, 0.3 ಮಿ.ಮೀ. ನಾಜಲ್. ಬಾಟಲಿಯನ್ನು ಅಲ್ಲಾಡಿಸಿದರೆ ಸಾಲದು. ಮಂದತೆ ಕೊಡುವ ಪುಡಿ ತಳದಲ್ಲಿ ಕೂತಿರುತ್ತದೆ, ಕಡ್ಡಿಯಿಂದ ಕೆರೆದು ಎರಡು ನಿಮಿಷ ಕಲಕಿ. ಏರ್‌ಬ್ರಷ್ ಕಪ್ಪಿಗೆ ಮೊದಲು ನಾಲ್ಕೈದು ಹನಿ ಥಿನ್ನರ್ ಬಿಡಿ. ಗಟ್ಟಿ ಬಣ್ಣ ಮೊದಲು ಬಿದ್ದರೆ ಸೂಜಿಯ ಬುಡಕ್ಕೆ ಇಳಿದು ಅಲ್ಲೇ ಕೂರುತ್ತದೆ, ಮೇಲೆ ಎಷ್ಟು ಕಲಕಿದರೂ ಸೇರುವುದಿಲ್ಲ. ಬೇರೆ ಪುಟ್ಟ ಬಟ್ಟಲಿನಲ್ಲಿ 1 ಮಿ.ಲೀ. ಬಣ್ಣಕ್ಕೆ 1 ಮಿ.ಲೀ. ಥಿನ್ನರ್ ಕಲಸಿ ಅದನ್ನು ಕಪ್ಪಿಗೆ ಸುರಿಯಿರಿ. ಔಷಧಿ ಅಂಗಡಿಯ ಸೂಜಿಯಿಲ್ಲದ ಸಿರಿಂಜ್ ಇದ್ದರೆ ಅಳತೆಯ ಜಗಳವೇ ಇಲ್ಲ. ಡ್ರಾಪರ್ ಆದರೆ ಸುಮಾರು 20 ಹನಿಗೆ 1 ಮಿ.ಲೀ. ಎಂದು ಲೆಕ್ಕ. ಹಳೆಯ ಬಾಟಲಿಯಾದರೆ ನೈಲಾನ್ ಬಲೆಯಲ್ಲಿ ಸೋಸಿಕೊಳ್ಳಿ.

"ಹಾಲಿನಷ್ಟು ತೆಳು" ಎಂಬ ಮಾತು ಎಲ್ಲರೂ ಹೇಳುವಂಥದ್ದು. ಯಾವ ಹಾಲು? ಟೋನ್ಡ್ ಹಾಲಿಗೂ ಗಟ್ಟಿ ಎಮ್ಮೆ ಹಾಲಿಗೂ ಇರುವಷ್ಟು ವ್ಯತ್ಯಾಸದಲ್ಲೇ ಒಂದು ರೆಕ್ಕೆ ಕೆಡಬಹುದು. ಕಣ್ಣಿನ ಪರೀಕ್ಷೆ ಹೀಗೆ: ಕಡ್ಡಿಯಿಂದ ಬಣ್ಣವನ್ನು ಬಟ್ಟಲಿನ ಗೋಡೆಗೆ ಎಳೆಯಿರಿ. ಸರ್ರನೆ ಇಳಿಯಬೇಕು, ಇಳಿದ ಜಾಗದಲ್ಲಿ ಅರೆಪಾರದರ್ಶಕ ಪೊರೆ ಉಳಿಯಬೇಕು. ಮೇಲೇ ನಿಂತರೆ ಥಿನ್ನರ್ ಕಡಿಮೆ. ಏನೂ ಉಳಿಯದೆ ಗೋಡೆ ಸ್ವಚ್ಛವಾದರೆ ಹೆಚ್ಚು. ಕೊನೆಯ ತೀರ್ಪು ಮಾತ್ರ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹೊಡೆಯುವ ಲೇಪ) ಹೊಡೆದ ಹಳೆಯ ಪ್ಲಾಸ್ಟಿಕ್ ಚಮಚದ ಮೇಲೆ. ಕಾಗದದ ಮೇಲೆ ನೋಡಿ ಪ್ರಯೋಜನವಿಲ್ಲ, ಅದು ಹೀರಿಕೊಂಡು ತಪ್ಪನ್ನೆಲ್ಲ ಮುಚ್ಚಿಬಿಡುತ್ತದೆ.

ಗಾಳಿಯ ಒತ್ತಡ, ದೂರ, ತೆಳುತನ ಮೂರೂ ಜೊತೆಯಾಗಿ ಬದಲಾಗಬೇಕು. 1:1 ಬಣ್ಣಕ್ಕೆ 15ರಿಂದ 18 ಪಿಎಸ್‌ಐ (ಒತ್ತಡದ ಅಳತೆ), 8ರಿಂದ 10 ಸೆಂ.ಮೀ. ದೂರ; ಇದು ಇಡೀ ಮೇಲ್ಮೈ ತುಂಬಲು. ಹಸಿರು ಪಟ್ಟೆಯ ಅಂಚನ್ನು ಮಾಸ್ಕಿಂಗ್ ಟೇಪ್ ಇಲ್ಲದೆ ಎಳೆಯಬೇಕಾದರೆ ಒಂದು ಪಾಲು ಬಣ್ಣಕ್ಕೆ ಎರಡು ಪಾಲು ಥಿನ್ನರ್, 10ರಿಂದ 12 ಪಿಎಸ್‌ಐ, ತುದಿ 2ರಿಂದ 3 ಸೆಂ.ಮೀ. ಹತ್ತಿರ. ತೆಳು ಬಣ್ಣಕ್ಕೆ ಹಳೆಯ ಒತ್ತಡವನ್ನೇ ಬಿಟ್ಟರೆ ಗಾಳಿ ಹಸಿ ಬಣ್ಣವನ್ನು ತಳ್ಳಿ ಜೇಡದ ಕಾಲುಗಳಂತೆ ಸುತ್ತ ಓಡಿಸುತ್ತದೆ. ಒತ್ತಡ ಇಳಿಸಿ ಬಣ್ಣ ಗಟ್ಟಿಯಾಗಿಯೇ ಇಟ್ಟರೆ ಚುಕ್ಕೆ ಚುಕ್ಕೆ ಉಗುಳುತ್ತದೆ. ಇನ್ನೊಂದು ಮಾತು: ಒತ್ತಡದ ರೆಗ್ಯುಲೇಟರ್ ತಿರುಗಿಸುವಾಗ ಟ್ರಿಗರ್ ಒತ್ತಿ ಗಾಳಿ ಹೋಗುತ್ತಿರಲಿ. ಸುಮ್ಮನಿದ್ದಾಗ 18 ತೋರಿಸುವ ಮುಳ್ಳು ಗಾಳಿ ಹರಿದಾಗ ಕೆಳಗಿಳಿಯುತ್ತದೆ, ಲೆಕ್ಕಕ್ಕೆ ಬರುವುದು ಆ ಅಂಕಿ.

ಮೊದಲ ಕೋಟ್ ಧೂಳಿನಷ್ಟು, ಪ್ರೈಮರ್ ಕಾಣುತ್ತಿರಬೇಕು. ಐದು ನಿಮಿಷ ಬಿಟ್ಟು ಎರಡನೆಯದು ಒದ್ದೆ ಹೊಳಪು ಕ್ಷಣಕಾಲ ಕಾಣುವಷ್ಟು. ಬಿಳಿ ಮತ್ತು ಹಳದಿಯ ಹೊದಿಕೆ ದುರ್ಬಲ. ಅವನ್ನು ಗಟ್ಟಿಯಾಗಿ ಹೊಡೆದು ಮುಗಿಸೋಣ ಎನಿಸುವುದು ಸಹಜ, ಆದರೆ ಹಾಗೆ ಮಾಡಿದರೆ ಮರಳು ಕಾಗದದಂಥ ಮೇಲ್ಮೈ ಬರುತ್ತದೆ. ಇನ್ನಷ್ಟು ತೆಳುಮಾಡಿ ನಾಲ್ಕೈದು ಕೋಟ್ ಹೊಡೆಯುವುದೊಂದೇ ದಾರಿ.

ವಯೆಹೊ ಮತ್ತು ಅದರ ಬಳಗ

ಮಾಡೆಲ್ ಏರ್ ಸರಣಿ ತೆಳುವಾಗಿಯೇ ಬರುತ್ತದೆ, 10 ಹನಿಗೆ 2 ಹನಿ ಥಿನ್ನರ್ ಸೇರಿಸಿದರೆ ಇನ್ನೂ ಸಲೀಸು. ಕುಂಚಕ್ಕೆಂದು ಮಾಡಿದ ಮಾಡೆಲ್ ಕಲರ್ ಆದರೆ 10 ಹನಿ ಬಣ್ಣ, 10 ಹನಿ ವಯೆಹೊ ಏರ್‌ಬ್ರಷ್ ಥಿನ್ನರ್, 1 ಅಥವಾ 2 ಹನಿ ಫ್ಲೋ ಇಂಪ್ರೂವರ್ (ಬಣ್ಣ ಸರಾಗ ಹರಿಯಲು ಹಾಕುವ ದ್ರವ). ಒತ್ತಡ 15ರಿಂದ 20 ಪಿಎಸ್‌ಐ. ಬರೀ ನೀರು ಹಾಕಿದರೆ ಬಣ್ಣವನ್ನು ಹಿಡಿದಿಡುವ ಬೈಂಡರ್ ಚದುರಿ ಪೊರೆ ದುರ್ಬಲವಾಗುತ್ತದೆ, ಮೇಲ್ಮೈ ಮೇಲೆ ಹನಿಗಟ್ಟುತ್ತದೆ. ಸ್ವಲ್ಪ ನೀರು ಬೇಕೇ ಬೇಕೆಂದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬಳಸಿ. ಬೋರ್‌ವೆಲ್ ನೀರಿನ ಸುಣ್ಣ ಬೇಡ.

ಈ ಜಾತಿಯ ದೊಡ್ಡ ಕಾಟವೆಂದರೆ ಸೂಜಿಯ ತುದಿಯಲ್ಲೇ ಬಣ್ಣ ಒಣಗುವುದು. ಗೆರೆ ಇದ್ದಕ್ಕಿದ್ದಂತೆ ಸಣ್ಣದಾಗುತ್ತದೆ, ಆಮೇಲೆ ಟ್ರಿಗರ್ ಹೆಚ್ಚು ಎಳೆದರೆ ಒಮ್ಮೆಲೇ ಉಗುಳುತ್ತದೆ. ಗೆರೆ ಸಣ್ಣಗಾದ ಕೂಡಲೇ ಮಾಡೆಲ್‌ನಿಂದ ಬ್ರಷ್ ಆಚೆ ತಿರುಗಿಸಿ, ಥಿನ್ನರ್‌ನಲ್ಲಿ ಅದ್ದಿದ ಇಯರ್‌ಬಡ್‌ನಿಂದ ತುದಿ ಒರೆಸಿ. ಬೇಸಿಗೆಯ ಒಣ ಗಾಳಿಯಲ್ಲಿ ಕೆಲವೇ ನಿಮಿಷಕ್ಕೊಮ್ಮೆ ಒರೆಸಬೇಕಾದೀತು, ಅಂಥ ದಿನ ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಸೇರಿಸಬಹುದು. ಒಟ್ಟು ಮಿಶ್ರಣದ 10 ಶೇಕಡಾ ದಾಟಿದರೆ ಬಣ್ಣ ದಿನಗಟ್ಟಲೆ ಅಂಟಂಟಾಗಿರುತ್ತದೆ. ಈ ಬಣ್ಣ ಬರೀ ಪ್ಲಾಸ್ಟಿಕ್ಕನ್ನು ಹಿಡಿಯುವುದಿಲ್ಲ: ಪ್ರೈಮರ್ ಕಡ್ಡಾಯ, ಮಾಸ್ಕಿಂಗ್ ಟೇಪ್ ಅಂಟಿಸುವ ಮುನ್ನ 24 ಗಂಟೆ ಬಿಡಿ.

ಕರಾವಳಿಯ ಮಳೆಗಾಲದಲ್ಲಿ ತೊಂದರೆ ಬೇರೆ. ಕಂಪ್ರೆಸರ್ ಹಿಂಡಿದ ಗಾಳಿಯ ತೇವ ಹನಿಯಾಗಿ ಪೈಪಿನಲ್ಲಿ ಬರುತ್ತದೆ. ತೇವ ಹಿಡಿದಿಡುವ ಮಾಯಿಶ್ಚರ್ ಟ್ರ್ಯಾಪ್ ಹಾಕಿ, ಟ್ಯಾಂಕಿನ ನೀರನ್ನು ಪ್ರತಿ ಸಲ ಬಸಿಯಿರಿ. ಲ್ಯಾಕರ್ ಥಿನ್ನರ್ ಬೆರೆಸಿದ ಬಣ್ಣ ತೇವದಲ್ಲಿ ಬಿಳಿಚಿಕೊಂಡೀತು.

ಬಣ್ಣ ಒಂದೆಡೆ ವೃತ್ತವಾಗಿ ಹಿಂದೆ ಸರಿದರೆ ಥಿನ್ನರನ್ನು ದೂರಬೇಡಿ, ಅಲ್ಲಿರುವುದು ಬೆರಳಿನ ಅಥವಾ ಅಚ್ಚಿನ ಎಣ್ಣೆ. ಬಿಡಿಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯಬೇಕಿತ್ತು. ಕಪ್ಪಿನಲ್ಲಿ ಗುಳ್ಳೆ ಏಳುತ್ತಿದ್ದರೆ ನಾಜಲ್ ಕಟ್ಟಿದೆ, ಇಲ್ಲವೇ ಸಡಿಲವಾಗಿದೆ.

ಆಲ್ಕೋಹಾಲ್ ಆಗಲಿ ಲ್ಯಾಕರ್ ಆಗಲಿ, ಹತ್ತಿರ ಊದುಬತ್ತಿ, ದೀಪ, ಒಲೆ ಉರಿಯುತ್ತಿರಬಾರದು. ಎನ್95 ಕಣ ತಡೆಯುತ್ತದೆ, ಆವಿ ತಡೆಯುವುದಿಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ, ಕಿಟಕಿ ತೆರೆದಿಡಿ.

ಉಳಿದ ಮಿಶ್ರಣವನ್ನು ಮೂಲ ಬಾಟಲಿಗೆ ವಾಪಸು ಸುರಿಯಬೇಡಿ. ಟಮಿಯಾ ಆದರೆ ಗಾಜಿನ ಬಾಟಲಿಯಲ್ಲಿ ಅಳತೆ ಬರೆದಿಟ್ಟುಕೊಂಡರೆ ಮುಂದಿನ ಸಲಕ್ಕಾಗುತ್ತದೆ. ನೀರು ಬೆರೆಸಿದ ವಯೆಹೊ ಎಸೆದುಬಿಡಿ. ಒಂದೇ ದಿನ ವಯೆಹೊದಿಂದ ಟಮಿಯಾಕ್ಕೆ ಹೋಗುವುದಾದರೆ ಮೊದಲು ನೀರು, ಆಮೇಲೆ ಏರ್‌ಬ್ರಷ್ ಕ್ಲೀನರ್, ಮತ್ತೆ ನೀರು ಹಾಯಿಸಿ, ಬರುವ ಹನಿ ತಿಳಿಯಾದ ಮೇಲಷ್ಟೇ ಆಲ್ಕೋಹಾಲ್ ಬಿಡಿ. ಟಮಿಯಾದಿಂದ ವಯೆಹೊಗೆ ಬರುವಾಗ ಆಲ್ಕೋಹಾಲ್ ಮೊದಲು, ನೀರು ಕೊನೆಗೆ.