ಕೋಳಿಗೆ ಕಾಯಿಲೆ ಜೋರಾದಾಗ: ಮೊದಲು ಬಿಸುಪು, ನಂತರ ನೀರು, ಆಮೇಲೆ ಮೇವು

ಹಿತ್ತಿಲಿನ ಕೋಳಿಗೆ ಕಾಯಿಲೆ ಬಂದಿದೆ ಎಂದು ನಮಗೆ ತಿಳಿಯುವ ಹೊತ್ತಿಗೆ ಆ ಕಾಯಿಲೆ ಸಾಮಾನ್ಯವಾಗಿ ಬಹಳ ಮುಂದುವರಿದಿರುತ್ತದೆ. ನಿತ್ರಾಣಗೊಂಡ ಹಕ್ಕಿಯನ್ನು ಗುಂಪಿನ ಉಳಿದ ಕೋಳಿಗಳು ಕುಕ್ಕಿ ದೂರ ಅಟ್ಟುವುದರಿಂದ, ಕಾಲಲ್ಲಿ ನಿಲ್ಲುವ ಕಸುವು ಇರುವವರೆಗೂ ಅದು ಎಲ್ಲವುಗಳ ಜೊತೆ ಓಡಾಡಿಕೊಂಡು, ಕಾಳು ಹೆಕ್ಕುವಂತೆ ತೋರಿಸಿಕೊಂಡು ತನ್ನ ಸಂಕಟವನ್ನು ಮುಚ್ಚಿಡುತ್ತದೆ. ಆದ್ದರಿಂದ ಪುಕ್ಕ ಕೆದರಿಕೊಂಡು, ಬಾಲ ಇಳಿಬಿಟ್ಟು, ಕತ್ತನ್ನು ಮೈಯೊಳಕ್ಕೆ ಎಳೆದುಕೊಂಡು ಹಗಲಿನಲ್ಲೇ ತೂಕಡಿಸುವ ಕೋಳಿಯನ್ನು ಕಂಡರೆ ನಾಳೆ ನೋಡಿದರಾಯಿತು ಎಂದು ಬಿಡಬಾರದು. ಕಾವಿಗೆ ಕೂತ ಕೋಳಿಯೂ ಪುಕ್ಕ ಉಬ್ಬಿಸಿಕೊಂಡು ಕದಲದೆ ಕೂತಿರುತ್ತದೆ ಎಂಬುದು ನಿಜ. ಆದರೆ ಕೈ ಹತ್ತಿರ ಒಯ್ದ ಕೂಡಲೇ ಅದು ಗುರುಗುಟ್ಟಿ ಕುಕ್ಕಲು ಬರುತ್ತದೆ, ಅದರ ಕಣ್ಣು ಚುರುಕಾಗಿರುತ್ತದೆ. ಕಾಯಿಲೆಯ ಕೋಳಿ ಎತ್ತಿಕೊಂಡರೂ ಕೊಸರಾಡುವುದಿಲ್ಲ.

ಎತ್ತಿಕೊಂಡಾಗ ಮೊದಲು ಎದೆಮೂಳೆಯನ್ನು ಮುಟ್ಟಿ ನೋಡಬೇಕು. ಅದರ ಎರಡೂ ಬದಿಯ ಮಾಂಸ ಕರಗಿ ಮೂಳೆಯ ಅಂಚು ಬೆರಳಿಗೆ ಚೂಪಾಗಿ ತಾಗಿದರೆ, ಕೋಳಿ ಬಹಳ ದಿನದಿಂದ ಸರಿಯಾಗಿ ತಿಂದಿಲ್ಲ ಎಂದೇ ಅರ್ಥ. ಜುಟ್ಟು ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ. ಗುದದ್ವಾರದ ಸುತ್ತಲಿನ ಪುಕ್ಕವನ್ನು ಬಿಡಿಸಿ ಹೇನು, ಉಣ್ಣೆ ಇವೆಯೇ ಎಂದು ನೋಡಬೇಕು, ರಾತ್ರಿ ಟಾರ್ಚ್ ಹಿಡಿದು ಗೂಡಿನ ಸಂದುಗಳನ್ನೂ ಪರೀಕ್ಷಿಸಬೇಕು. ಜುಟ್ಟು ನೀಲಿಗಟ್ಟಿದ್ದರೆ ಉಸಿರಾಟ ಅಥವಾ ರಕ್ತದ ಓಟದಲ್ಲಿ ತೊಂದರೆಯಿದೆ. ಇಷ್ಟನ್ನೂ ಬೇಗ ಮುಗಿಸಬೇಕು, ಎದೆಯನ್ನು ಬಿಗಿಯಾಗಿ ಅಮುಕಿ ಹಿಡಿಯಬಾರದು. ಹಕ್ಕಿಗಳಿಗೆ ನಮ್ಮಂತೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವೆ ಇದ್ದು ಉಸಿರಾಟಕ್ಕೆ ನೆರವಾಗುವ ಸ್ನಾಯುವಿನ ಪದರ ಇಲ್ಲ. ಎದೆಯ ಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಅವಕ್ಕೆ ಉಸಿರಾಟ ಸಾಧ್ಯ, ಆದ್ದರಿಂದ ಪ್ರೀತಿಯಿಂದ ಅಪ್ಪಿಕೊಂಡರೂ ಉಸಿರುಗಟ್ಟಬಹುದು.

ಇನ್ನು ಆರೈಕೆ. ಕೋಳಿ ಸಪ್ಪಗಾದ ಕೂಡಲೇ ಏನಾದರೂ ತಿನ್ನಿಸಬೇಕು, ಯಾವುದಾದರೂ ಔಷಧ ಹಾಕಬೇಕು ಎಂದು ಮನೆಯವರಿಗೆಲ್ಲ ಅವಸರವಾಗುತ್ತದೆ. ಈ ಅವಸರದಿಂದಲೇ ಬದುಕಬಹುದಾಗಿದ್ದ ಎಷ್ಟೋ ಕೋಳಿಗಳು ಸಾಯುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೋಳಿಯ ಸಹಜ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮದಕ್ಕಿಂತ 4 ಡಿಗ್ರಿಯಷ್ಟು ಹೆಚ್ಚು. ತಿನ್ನುವುದನ್ನು ಬಿಟ್ಟ ಕೋಳಿ ಆ ಬಿಸಿಯನ್ನು ಉಳಿಸಿಕೊಳ್ಳಲು ಇರುವ ಶಕ್ತಿಯನ್ನೆಲ್ಲ ಖರ್ಚು ಮಾಡುತ್ತದೆ. ಪುಕ್ಕ ಕೆದರಿಕೊಂಡು ಕೂರುವುದೂ ಅದಕ್ಕಾಗಿಯೇ. ತಣ್ಣಗಾದ ಮೈಯಲ್ಲಿ ಜೀರ್ಣಕ್ರಿಯೆ ನಿಂತುಹೋಗಿರುವುದರಿಂದ ಆಗ ತುರುಕಿದ ಮೇವು ಒಳಗೇ ಕೊಳೆಯುತ್ತದೆ. ಆದ್ದರಿಂದ ಮೊದಲು ಬಿಸುಪು ಕೊಡಬೇಕು. ಗಾಳಿಯಾಡುವ ರಟ್ಟಿನ ಪೆಟ್ಟಿಗೆಗೆ ಹಳೆಯ ಟವೆಲ್ ಹಾಸಿ, ಮಬ್ಬು ಬೆಳಕಿನ, ಸದ್ದಿಲ್ಲದ ಜಾಗದಲ್ಲಿ ಇಟ್ಟು, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪೆಟ್ಟಿಗೆಯ ಒಂದೇ ಬದಿಗೆ ಇಡಬೇಕು. ಆಗ ಸೆಕೆಯಾದರೆ ಕೋಳಿ ತಾನೇ ಇನ್ನೊಂದು ಬದಿಗೆ ಸರಿಯುತ್ತದೆ. ಪೆಟ್ಟಿಗೆಯೊಳಗೆ 27ರಿಂದ 30 ಡಿಗ್ರಿ ಇದ್ದರೆ ಸಾಕು. ಕೊಕ್ಕು ತೆರೆದು ಏದುತ್ತ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದುಕೊಂಡರೆ ಬಿಸಿ ಹೆಚ್ಚಾಗಿದೆ ಎಂದು ತಿಳಿದು ಬಾಟಲಿಯನ್ನು ತೆಗೆಯಬೇಕು. ರಟ್ಟಿನ ಪೆಟ್ಟಿಗೆಯ ಹತ್ತಿರ ಬಿಸಿ ಬಲ್ಬನ್ನು ತೂಗುಹಾಕುವುದನ್ನು ನಾನು ಒಪ್ಪುವುದಿಲ್ಲ, ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಮೈ ಬೆಚ್ಚಗಾಗಿ ಕಣ್ಣು ಸ್ವಲ್ಪ ತೆರೆದ ಮೇಲೆ ನೀರು. ಇಲ್ಲಿ ಬಹಳ ಎಚ್ಚರ ಬೇಕು. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಳ್ಳುತ್ತದೆ. ಕೊಕ್ಕು ಬಿಡಿಸಿ ನೀರು ಸುರಿದರೆ ಅದು ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ, ಅಲ್ಲಿಗೆ ಕೋಳಿಯ ಕಥೆ ಮುಗಿಯಿತು. ಕೋಳಿಯನ್ನು ಅದರ ಎದೆ ಕೆಳಗೆ ಊರುವಂತೆ ನೆಟ್ಟಗೆ ಕೂರಿಸಿ, ಉಗುರು ಬೆಚ್ಚಗಿನ ನೀರನ್ನು ಸೂಜಿ ತೆಗೆದ ಸಿರಿಂಜಿನಲ್ಲಿ ಹಿಡಿದು, ಕೊಕ್ಕಿನ ಹೊರ ಅಂಚಿಗೆ ಒಂದೇ ಒಂದು ಹನಿಯನ್ನು ತಾಗಿಸಬೇಕು. ಹನಿ ಕೊಕ್ಕಿನ ಸಂದಿಯಲ್ಲಿ ಹರಡಿ ಒಳಕ್ಕೆ ಇಳಿಯುತ್ತದೆ, ನಾಲಿಗೆ ಅಲುಗುತ್ತದೆ, ಆಮೇಲೆ ಕತ್ತು ತುಸು ಮೇಲೆದ್ದು ಗುಟುಕು ಇಳಿದದ್ದು ಗಂಟಲಲ್ಲಿ ಕಾಣುತ್ತದೆ. ಆ ಗುಟುಕು ಕಂಡ ಮೇಲೆಯೇ ಮುಂದಿನ ಹನಿ. ನುಂಗದಷ್ಟು ಬಳಲಿದ್ದರೆ ಬಾಯಿಗೆ ಏನನ್ನೂ ಹಾಕದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ನಳಿಕೆಯಿಂದ ಅಥವಾ ಚರ್ಮದಡಿಗೆ ದ್ರವ ಕೊಡುವುದು ಅವರ ಕೆಲಸ. ಓಆರ್‌ಎಸ್ ನೀರನ್ನು ಕೆಲವು ಗಂಟೆ ಕೊಡಬಹುದು, ಆದರೆ ಸಾದಾ ನೀರು ಪಕ್ಕದಲ್ಲೇ ಇರಬೇಕು, ಏಕೆಂದರೆ ಹೆಚ್ಚು ಉಪ್ಪನ್ನು ಕೋಳಿಯ ಮೂತ್ರಪಿಂಡ ತಡೆದುಕೊಳ್ಳಲಾರದು.

ಮೇವಿಗಿಂತ ಮುಂಚೆ ಕತ್ತಿನ ಬುಡದಲ್ಲಿ, ಎದೆಯ ಬಲಬದಿಗಿರುವ ಆಹಾರದ ಚೀಲವನ್ನು ಮುಟ್ಟಿ ನೋಡಬೇಕು. ರಾತ್ರಿಯೆಲ್ಲ ಜೀರ್ಣವಾಗಿ ಬೆಳಿಗ್ಗೆ ಅದು ಖಾಲಿಯಾಗಿರಬೇಕು. ಬೆಳಿಗ್ಗೆಯೂ ಗಟ್ಟಿಯಾಗಿದ್ದರೆ ಹುಲ್ಲು ನಾರು ಸಿಕ್ಕಿಕೊಂಡಿರಬಹುದು. ನೀರು ತುಂಬಿದ ಬಲೂನಿನಂತೆ ಮೆತ್ತಗಿದ್ದು ಬಾಯಿಂದ ಹುಳಿ ವಾಸನೆ ಬಂದರೆ ಒಳಗೆ ಬೂಷ್ಟು ಬೆಳೆದಿರುತ್ತದೆ. ಕೋಳಿಯನ್ನು ತಲೆಕೆಳಗು ಮಾಡಿ ಆ ನೀರನ್ನು ಕಕ್ಕಿಸುವ ಪದ್ಧತಿ ಕೆಲವರಲ್ಲಿದೆ, ಅದನ್ನು ಖಂಡಿತ ಮಾಡಬಾರದು. ಚೀಲ ಸರಿಯಾಗಿ ಖಾಲಿಯಾಗುತ್ತಿದ್ದರೆ, ದಿನವೂ ತಿನ್ನುವ ಮೇವನ್ನೇ ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಬೇಯಿಸಿದ ಮೊಟ್ಟೆಯ ಹಳದಿಯನ್ನು ಸ್ವಲ್ಪ ಕಿವುಚಿ ಮುಂದಿಡಬಹುದು. ಒಂದು ಚಮಚ ತಿಂದರೂ ಸಮಾಧಾನಪಡಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಟ್ಟರೆ, ಸುಧಾರಿಸುತ್ತಿದೆಯೋ ಇಲ್ಲವೋ ಎಂಬುದು ನಮ್ಮ ಆಸೆಯ ಕಣ್ಣಿಗಿಂತ ನಿಖರವಾಗಿ ಗೊತ್ತಾಗುತ್ತದೆ.

ಪೆಟ್ಟಿಗೆಗೆ ಬಿಳಿಯ ಬಟ್ಟೆ ಅಥವಾ ಕಾಗದ ಹಾಸುವುದರಿಂದ ಹಿಕ್ಕೆಯೂ ಸ್ಪಷ್ಟವಾಗಿ ಕಾಣುತ್ತದೆ. ಕಂದು ಹಿಕ್ಕೆಯ ಮೇಲೆ ಬಿಳಿಯ ಭಾಗ ಇರುವುದು ಸಹಜ, ನಡುನಡುವೆ ಬರುವ ಅಂಟಂಟಾದ, ಕೆಟ್ಟ ವಾಸನೆಯ ಕಡುಕಂದು ಹಿಕ್ಕೆಯೂ ಸಹಜವೇ. ಕಡುಹಸಿರಾಗಿದ್ದರೆ ಹೊಟ್ಟೆ ಖಾಲಿಯಿದ್ದು ಪಿತ್ತ ಮಾತ್ರ ಇಳಿಯುತ್ತಿರಬಹುದು. ರಕ್ತ ಕಂಡರೆ, ಮುಖ್ಯವಾಗಿ ಎಳೆಯ ಕೋಳಿಗಳಲ್ಲಿ, ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗದ ಅನುಮಾನ ಬರಬೇಕು. ಅದಕ್ಕೆ ಆಂಪ್ರೋಲಿಯಂ ಎಂಬ ಔಷಧವನ್ನು ನೀರಿನಲ್ಲಿ ಬೆರೆಸಿ ಕೊಡುತ್ತಾರೆ. ಪ್ರಮಾಣವನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ಅವರ ಬಳಿ ಹೋಗುವಾಗ ಹೊಸ ಹಿಕ್ಕೆಯನ್ನು ಮುಚ್ಚಳದ ಡಬ್ಬಿಯಲ್ಲಿ ಒಯ್ದರೆ ಪರೀಕ್ಷೆಗೆ ಅನುಕೂಲ. ಮನುಷ್ಯರಿಗೆ ಬರೆದುಕೊಟ್ಟು ಉಳಿದ ಮಾತ್ರೆಗಳನ್ನು ಅಂದಾಜಿನ ಮೇಲೆ ಕೊಡುವುದು ತಪ್ಪು. ಔಷಧ ಕೊಟ್ಟ ಕೋಳಿಯ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದು ಎಂಬುದನ್ನೂ ಅದೇ ಸಲ ಕೇಳಿಕೊಳ್ಳಬೇಕು.

ಮೊಟ್ಟೆ ಇಡುವ ಕೋಳಿ ನೆಟ್ಟಗೆ ನಿಂತು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಒಂದು ಮೊಟ್ಟೆ ಸಿದ್ಧವಾಗಲು ಸುಮಾರು 25 ಗಂಟೆ ಬೇಕು. ಸಿಕ್ಕಿಕೊಂಡ ಮೊಟ್ಟೆ ಒಂದೆರಡು ದಿನ ಹೊರಬರದಿದ್ದರೆ ಪ್ರಾಣಕ್ಕೆ ಅಪಾಯ. ಮೊಣಕೈಗೆ ಹಿತವಾಗಿ ತಾಗುವಷ್ಟು ಬೆಚ್ಚಗಿನ ನೀರಿನಲ್ಲಿ ಹೊಟ್ಟೆಯ ಭಾಗವನ್ನು 15–20 ನಿಮಿಷ ಮುಳುಗಿಸಿ ಹಿಡಿದು, ಚೆನ್ನಾಗಿ ಒರೆಸಿ, ಕತ್ತಲೆಯ ಬೆಚ್ಚನೆಯ ಜಾಗದಲ್ಲಿ ಬಿಟ್ಟರೆ ಎಷ್ಟೋ ಸಲ ತಾನೇ ಇಡುತ್ತದೆ. ಹೊಟ್ಟೆಯನ್ನು ಅಮುಕಬಾರದು, ಒಳಗೆ ಮೊಟ್ಟೆ ಒಡೆದರೆ ಚೂರುಗಳು ಕೊಯ್ದು ಸೋಂಕಾಗುತ್ತದೆ. ಅದೇ ದಿನ ಬಿಡುಗಡೆಯಾಗದಿದ್ದರೆ ವೈದ್ಯರೇ ನೋಡಬೇಕು.

ಆದರೆ ಒಂದರ ಹಿಂದೆ ಒಂದು ಕೋಳಿ ದಿಢೀರನೆ ಸಾಯುತ್ತಿದ್ದರೆ, ಮುಖ ಊದಿ ಜುಟ್ಟು ನೀಲಿಯಾಗಿದ್ದರೆ, ಅಥವಾ ಕತ್ತು ತಿರುಚಿಕೊಂಡು ಉಸಿರಿಗೆ ಒದ್ದಾಡುತ್ತಿದ್ದರೆ ಮನೆಯ ಆರೈಕೆಯ ಮಾತೇ ಇಲ್ಲ. ಅದು ಹಕ್ಕಿಜ್ವರವೋ ರಾಣಿಖೇತ್ ರೋಗವೋ ಆಗಿರಬಹುದು. ಸತ್ತ ಕೋಳಿಯನ್ನು ಕೊಯ್ಯದೆ, ಯಾರಿಗೂ ಕೊಡದೆ, ಮಕ್ಕಳನ್ನು ದೂರವಿಟ್ಟು ಪಶುವೈದ್ಯ ಇಲಾಖೆಗೆ ತಿಳಿಸಬೇಕು. ಯಾವ ಕಾಯಿಲೆಯೇ ಆಗಲಿ, ರೋಗಿ ಕೋಳಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು, ಆರೋಗ್ಯವಾಗಿರುವ ಕೋಳಿಗಳಿಗೆ ಮೊದಲು ಮೇವು ನೀರು ಇಟ್ಟು, ಕೊನೆಯಲ್ಲಿ ಇದರ ಬಳಿಗೆ ಬರಬೇಕು.

ನಿಲ್ಲಲಾರದ ಕೋಳಿಗೆ ಟವೆಲ್ ಸುರುಳಿಯನ್ನು ಬಳೆಯಾಕಾರದಲ್ಲಿ ಇಟ್ಟು ಅದರ ನಡುವೆ ಎದೆಯ ಮೇಲೆ ಕೂರಿಸಬೇಕು, ದಿನಕ್ಕೆ ಹಲವು ಸಲ ಭಂಗಿ ಬದಲಿಸಬೇಕು, ಹಿಂಭಾಗವನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಹಿಕ್ಕೆ ಮೆತ್ತಿದ ಪುಕ್ಕದಲ್ಲಿ ನೊಣ ಮೊಟ್ಟೆಯಿಟ್ಟರೆ ಬೇಗನೆ ಹುಳ ಬೀಳುತ್ತದೆ. ಇಷ್ಟೆಲ್ಲ ಮಾಡಿಯೂ ತೂಕ ಇಳಿಯುತ್ತಲೇ ಇದ್ದು, ನೀರನ್ನೂ ಒಲ್ಲದೆ, ಪ್ರತಿ ಉಸಿರಿಗೂ ಬಾಯಿ ತೆರೆಯುತ್ತಿದ್ದರೆ ಅದನ್ನು ದಿನಗಟ್ಟಲೆ ನರಳಲು ಬಿಡುವುದು ಕರುಣೆಯಲ್ಲ. ನೋವಿಲ್ಲದ ಕೊನೆಯನ್ನು ವೈದ್ಯರಿಂದ ಕೇಳಿ ಪಡೆಯಲು ಹಿಂಜರಿಯಬಾರದು.

ಚೇತರಿಸಿಕೊಂಡ ಕೋಳಿಯನ್ನು ಒಮ್ಮೆಲೇ ಗುಂಪಿಗೆ ಬಿಟ್ಟರೆ ಉಳಿದವು ಅದನ್ನು ಹೊಸದೆಂದು ತಿಳಿದು ಕುಕ್ಕುತ್ತವೆ. ರೋಗ ಅಂಟುವಂಥದ್ದಲ್ಲ ಎಂದು ಖಚಿತವಾದ ಮೇಲೆ, ಕೆಲವು ದಿನ ಜಾಲರಿಯ ಈಚೆ ಇರಿಸಿ ಪರಸ್ಪರ ಕಾಣುವಂತೆ ಮಾಡಬೇಕು. ನಂತರ ಕತ್ತಲಾಗುವ ಹೊತ್ತಿಗೆ ಗೂಡಿಗೆ ಸೇರಿಸಿ, ಮರುದಿನ ಬೆಳಿಗ್ಗೆ ಮೇವಿನ ತಟ್ಟೆಯನ್ನು ಎರಡು ಕಡೆ ಇಟ್ಟು ಅದಕ್ಕೂ ತಿನ್ನಲು ಸಿಗುತ್ತಿದೆಯೇ ಎಂದು ನಿಂತು ನೋಡಬೇಕು.