ಡ್ರಮ್ಮಿನಲ್ಲೇ ಉಳಿದ ಮದ್ದು

ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಕಾಸರಗೋಡಿನ ಬದಿಯಡ್ಕದ ಮನೆಗೆ ಬಂದಾಗ ನನ್ನ ತಲೆಯಲ್ಲಿ ಆ್ಯಪ್ ರೆಡಿ ಇತ್ತು. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೆ ಮರ ಹತ್ತಿ ಮದ್ದು ಬಿಡುವವರನ್ನು, ಅಂದರೆ ಸಿಂಪಡಿಸುವವರನ್ನು, ಹುಡುಕಿಕೊಡುವ ಆ್ಯಪ್. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ‘ಸಮಸ್ಯೆ’ ಅಂತ ಬರೆದು ಕೆಳಗೆ ಗೀಚಿದ್ದೆ: ‘ಕೆಲಸದವರನ್ನು ಬುಕ್ ಮಾಡಲು ಆ್ಯಪ್ ಇಲ್ಲ.’ ಈಗ ಓದಿದರೆ ನಗು ಬರುತ್ತದೆ. ಮಾರಬೇಕೆಂದಿದ್ದ ಸರಕಿಗೇ ಸಮಸ್ಯೆಯ ಅಂಗಿ ತೊಡಿಸಿದ್ದೆ.

ಮೂರು ತಿಂಗಳು ಕೋಡ್ ಬರೆದೆ. ಪೆರ್ಲ, ಮುಳ್ಳೇರಿಯ ಕಡೆಯ 12 ಮನೆಗಳಿಗೆ ಹೋಗಿ ತೋರಿಸಿದೆ. ‘ಇಂಥದ್ದು ಇದ್ದರೆ ಬಳಸ್ತೀರಾ?’ ‘ಒಳ್ಳೆದುಂಟು ಮಾರಾಯ’ ಅಂದರು. ಕಾಫಿ ಕೊಟ್ಟರು. ಒಬ್ಬರೂ ಬಳಸಲಿಲ್ಲ. ಮನೆಗೆ ಬಂದವನ ಮುಖಕ್ಕೆ ‘ಬೇಡ’ ಅನ್ನುವವರು ನಮ್ಮೂರಲ್ಲಿ ಯಾರಿದ್ದಾರೆ?

ಜೂನ್ ಮೊದಲ ವಾರ ಮಾವನ ಮನೆಗೆ ಹೋದೆ. ಅಂಗಳದಲ್ಲಿ ನೀಲಿ ಮದ್ದು ತುಂಬಿದ ಡ್ರಮ್. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ. ಕಲಸಿದ ದಿನವೇ ಬಿಟ್ಟು ಮುಗಿಸಬೇಕು. ಏಳಕ್ಕೆ ಬರಬೇಕಾದವರು ಹನ್ನೊಂದಾದರೂ ಇಲ್ಲ. ಹಿಂದಿನ ದಿನ ಮಳೆ ಬಂದು ಬೇರೊಬ್ಬರ ತೋಟ ಅರ್ಧಕ್ಕೆ ನಿಂತಿತ್ತು. ಅವರು ಅಲ್ಲಿಗೇ ಹೋಗಿದ್ದರು. ‘ಬಾರದ್ದಕ್ಕೆ ಬೇಜಾರಿಲ್ಲ. ನಿನ್ನೆ ರಾತ್ರಿ ಒಂದು ಮಾತು ಹೇಳಿದ್ದರೆ ನಾನು ಕಲಸುತ್ತಲೇ ಇರಲಿಲ್ಲ’ ಅಂದರು ಮಾವ.

ಅವತ್ತೇ ಆ್ಯಪ್ ಬದಿಗಿಟ್ಟೆ. ಅದೇ 12 ಮನೆಗೆ ಮತ್ತೆ ಹೋದೆ, ಫೋನ್ ಕಿಸೆಯಿಂದ ತೆಗೆಯದೆ. ಕೇಳಿದ್ದು ಇಷ್ಟೇ: ‘ಕಳೆದ ಸಲ ಮದ್ದು ಬಿಟ್ಟ ದಿನ ಏನೇನಾಯ್ತು?’ ಒಂಬತ್ತು ಮನೆಗೆ ಖಾಯಂ ಜನ ಇದ್ದರು. ಹುಡುಕುವ ಕಷ್ಟವೇ ಇಲ್ಲ! ಎಡವಟ್ಟಾಗುತ್ತಿದ್ದದ್ದು ಮಳೆ ಬಂದು ಸರದಿ ತಪ್ಪಿದ ಮೇಲೆ. ಒಬ್ಬರ ದಿನ ಜಾರಿದರೆ ಸಾಲಿನಲ್ಲಿರುವ ಎಲ್ಲರದ್ದೂ ಜಾರುತ್ತದೆ. ಕೊಳೆರೋಗ ಅಷ್ಟು ದಿನ ಕಾಯುವುದಿಲ್ಲ.

ಮದ್ದು ಬಿಡುವ ಅಣ್ಣನ ಜೊತೆಯೂ ಎರಡು ದಿನ ತಿರುಗಿದೆ. ಇದನ್ನು ಮೊದಲೇ ಮಾಡಬೇಕಿತ್ತು, ಅಲ್ವಾ? ಮರದ ಮೇಲಿದ್ದಾಗ ಫೋನ್ ಎತ್ತಲಾಗುವುದಿಲ್ಲ. ಇಳಿದಾಗ 18 ಮಿಸ್ಡ್ ಕಾಲ್. ಅವರು ಮಾತಾಡುವುದು ತುಳು, ಓದುವುದು ಮಲಯಾಳಂ. ನನ್ನ ಆ್ಯಪ್ ಇದ್ದದ್ದು ಕನ್ನಡದಲ್ಲಿ.

ಹೊಸ ಪುಟದಲ್ಲಿ ಬರೆದೆ: ‘ಮಳೆಯಿಂದ ಸರದಿ ತಪ್ಪಿದಾಗ, ನಾಳೆ ಯಾರ ತೋಟ ಅಂತ ಬೆಳೆಗಾರರಿಗೆ ಹಿಂದಿನ ರಾತ್ರಿ ಗೊತ್ತಾಗುವುದಿಲ್ಲ. ಕಲಸಿದ ಮದ್ದೂ ಆ ದಿನವೂ ಹಾಳು.’ ಯಾರಿಗೆ, ಯಾವಾಗ, ಏನು ನಷ್ಟ, ಎಲ್ಲ ಇದೆ. ‘ಆ್ಯಪ್’ ಎಂಬ ಶಬ್ದ ಮಾತ್ರ ಇಲ್ಲ. ಇಷ್ಟಕ್ಕೆ 15 ದಿನ ಹಿಡಿಯಿತು. ಓದಿ ಹೇಳಿದಾಗ ಅಣ್ಣ ಅಂದರು, ‘ನನಗೂ ರಾತ್ರಿ ಎಂಟು ಗಂಟೆಯವರೆಗೆ ಗೊತ್ತಿರುವುದಿಲ್ಲ.’ ಅದನ್ನೂ ಸೇರಿಸಿದೆ.

ಮಾಡಿದ್ದು ಸಣ್ಣ ಕೆಲಸ. ರಾತ್ರಿ ಎಂಟೂವರೆಗೆ ಅಣ್ಣ ವಾಟ್ಸಾಪ್ ಗುಂಪಿಗೆ ತುಳುವಿನಲ್ಲಿ ಮಾತಾಡಿ ಹಾಕುತ್ತಾರೆ: ನಾಳೆ ಯಾರದ್ದು, ಅವರದ್ದಾದ ಮೇಲೆ ಯಾರದ್ದು. ಸುಮಾರು 45 ದಿನ ಕಳೆದು ಎರಡನೇ ಮದ್ದು ಬಿಡುವಾಗ ಗುಂಪಿನ ಯಾರ ಮನೆಯಲ್ಲೂ ಡ್ರಮ್ ಉಳಿಯಲಿಲ್ಲ. ನನ್ನ ಕೋಡ್ ಲ್ಯಾಪ್‌ಟಾಪಿನಲ್ಲಿ ಸುಮ್ನೆ ಬಿದ್ದಿದೆ.

ಇದರಲ್ಲಿ ದುಡ್ಡೆಲ್ಲಿ ಅಂತ ಹೆಂಡತಿ ಕೇಳುತ್ತಾಳೆ. ಇನ್ನೂ ಸಿಕ್ಕಿಲ್ಲ. ಮನೆಗಳು ಜಾಸ್ತಿಯಾದರೆ ಸರದಿ ಹೊಂದಿಸಲು ಅಣ್ಣನಿಗೆ ಏನಾದರೂ ಬೇಕಾಗಬಹುದು ಅನ್ನಿಸುತ್ತದೆ. ಆದರೆ ಅದು ನನ್ನ ಊಹೆ. ಬರುವ ಜೂನಿನಲ್ಲಿ ಮತ್ತೆ ಅವರ ಹಿಂದೆ ತಿರುಗಬೇಕು.