ಎಲ್‌ಎಲ್‌ಆರ್ ಪರೀಕ್ಷೆಗೆ ರಸ್ತೆಯನ್ನೇ ಓದಿ

ನನ್ನ ತಂಗಿಯ ಮಗಳಿಗೆ 18 ತುಂಬಿದ ವಾರವೇ ಗಾಡಿ ಕಲಿಯುವಾಗ ಬೇಕಾಗುವ ಲೈಸೆನ್ಸ್, ಅಂದರೆ ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಿದಳು. ಕಾಲೇಜಿಗೆ ಸ್ಕೂಟರ್‌ನಲ್ಲಿ ಹೋಗಬೇಕು ಅನ್ನುವುದು ಅವಳ ಬಹಳ ದಿನದ ಆಸೆ. ಗೆಳತಿಯೊಬ್ಬಳು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ರಶ್ನೋತ್ತರದ ಪಿಡಿಎಫ್ ಇಟ್ಟುಕೊಂಡು ಎರಡು ರಾತ್ರಿ ಉರು ಹೊಡೆದಳು. ಮೂರನೇ ದಿನ ಪರೀಕ್ಷೆ ಬರೆದು ಫೇಲಾದಳು. "ಪ್ರಶ್ನೆ ಅವೇ ಇದ್ವು ದೊಡ್ಡಮ್ಮ, ಉತ್ತರದ ಜಾಗ ಮಾತ್ರ ಬೇರೆ ಆಗಿತ್ತು" ಅಂತ ಕಣ್ಣು ತುಂಬಿಕೊಂಡಳು. ಇದಕ್ಕೆ ಎರಡನೆಯದು, ಅದಕ್ಕೆ ಮೊದಲನೆಯದು ಅಂತ ಸಾಲಿನ ಲೆಕ್ಕದಲ್ಲಿ ನೆನಪಿಟ್ಟುಕೊಂಡಿದ್ದಳು, ಪಾಪ.

ಮುಂದಿನ ಒಂದು ವಾರ ನಾನೇ ಅವಳ ಜೊತೆ ಕೂತೆ. ಪರೀಕ್ಷೆಯಲ್ಲಿ ಕೇಳುವುದರಲ್ಲಿ ಜಾಸ್ತಿ ಪಾಲು ನಾವು ದಿನಾ ಓಡಾಡುವ ರಸ್ತೆಯಲ್ಲೇ ಕಣ್ಣಿಗೆ ಬೀಳುತ್ತದೆ ಅನ್ನುವುದು ಆಗ ನನಗೆ ಗೊತ್ತಾಯಿತು. ಅವಳು ತಯಾರಾದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಲೈಸೆನ್ಸ್ ಬೇಕು ಅಂತ ಮೊದಲು ನೋಡಿ

ಅರ್ಜಿಯಲ್ಲಿ ಟೂ ವೀಲರ್‌ಗೆ ಎರಡು ಆಯ್ಕೆ ಇರುತ್ತವೆ: ಗೇರ್ ಇಲ್ಲದ್ದು, ಗೇರ್ ಇರುವುದು. ಸ್ಕೂಟರ್ ಮಾತ್ರ ಓಡಿಸುತ್ತೇನೆ ಅನ್ನುವವರಿಗೆ ಮೊದಲನೆಯದು ಸಾಕು. ಮುಂದೆ ಬೈಕನ್ನೂ ಓಡಿಸುವ ಯೋಚನೆ ಇದ್ದರೆ ಈಗಲೇ ಗೇರ್ ಇರುವುದಕ್ಕೆ ಟಿಕ್ ಮಾಡಿ, ಆ ಲೈಸೆನ್ಸ್‌ನಲ್ಲಿ ಸ್ಕೂಟರ್ ಕೂಡ ಓಡಿಸಬಹುದು.

ವಯಸ್ಸಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. 16 ತುಂಬಿದರೆ ಗೇರ್ ಇಲ್ಲದ ಸ್ಕೂಟರ್ ಓಡಿಸಬಹುದು ಅಂತ ಅಪ್ಪ ಅಮ್ಮಂದಿರೇ ಹೇಳುತ್ತಾರೆ. ಕಾನೂನು ಹಾಗೆ ಬಿಟ್ಟಿರುವುದು 50 ಸಿಸಿ ಮೀರದ ಗಾಡಿಗೆ ಮಾತ್ರ. ನಮ್ಮ ಬೀದಿಗಳಲ್ಲಿ ಓಡಾಡುವ ಪೆಟ್ರೋಲ್ ಸ್ಕೂಟರ್‌ಗಳು ಹೆಚ್ಚುಕಡಿಮೆ ಎಲ್ಲವೂ 110, 125 ಸಿಸಿಯವು. ಅವಕ್ಕೆ 18 ಆಗಲೇಬೇಕು. 2019ರ ತಿದ್ದುಪಡಿ ಆದ ಮೇಲೆ ಚಿಕ್ಕವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಆಗಬಹುದು. ಆ ಹುಡುಗನಿಗೋ ಹುಡುಗಿಗೋ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. ದಯವಿಟ್ಟು ಕೀ ಕೊಡುವ ಮುಂಚೆ ಇದನ್ನು ನೆನಪಿಡಿ.

ಅರ್ಜಿ, ಶುಲ್ಕ

ಪರಿವಾಹನ್ ವೆಬ್‌ಸೈಟ್‌ನ ಸಾರಥಿ ವಿಭಾಗದಲ್ಲಿ ಅರ್ಜಿ ಹಾಕಬೇಕು. ವಯಸ್ಸು ಮತ್ತು ವಿಳಾಸದ ದಾಖಲೆ, ಫೋಟೊ, ಸಹಿ ಬೇಕಾಗುತ್ತವೆ. ಆರೋಗ್ಯದ ಬಗ್ಗೆ ನೀವೇ ಬರೆದುಕೊಡುವ ಫಾರಂ 1 ಇರುತ್ತದೆ. 40 ದಾಟಿದವರು ಡಾಕ್ಟರ್ ಸಹಿ ಮಾಡಿದ ಫಾರಂ 1ಎ ಕೊಡಬೇಕು. ಕೇಂದ್ರ ನಿಯಮದ ಪ್ರಕಾರ ಎಲ್‌ಎಲ್‌ಆರ್ ಶುಲ್ಕ ಒಂದು ವರ್ಗದ ಗಾಡಿಗೆ 150 ರೂಪಾಯಿ, ಪರೀಕ್ಷೆಗೆ 50 ರೂಪಾಯಿ. ಫೇಲಾದರೆ ಮತ್ತೆ 50 ಕಟ್ಟಿ ಬರೆಯಬಹುದು, ಅದಕ್ಕೆ ಹೆದರಬೇಕಾಗಿಲ್ಲ.

ಆಧಾರ್ ಮೂಲಕ ಅರ್ಜಿ ಹಾಕಿದವರು ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಪರೀಕ್ಷೆ ಬರೆಯುವ ವ್ಯವಸ್ಥೆಯೂ ಇದೆ. ಇಲ್ಲಿ ನನ್ನದೊಂದು ಕಳಕಳಿಯ ಮಾತು. "ನೀವ್ಯಾಕೆ ತಲೆ ಕೆಡಿಸ್ಕೋತೀರಿ, ನಾವೇ ಬರೆದು ಪಾಸ್ ಮಾಡಿಸ್ತೀವಿ" ಅನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಒಪ್ಪಿಕೊಳ್ಳಬೇಡಿ. ನಾಳೆ ಲಾರಿ ಎದುರು ಗಾಡಿ ಓಡಿಸುವವರು ನೀವು.

ಏನೇನು ಕೇಳುತ್ತಾರೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 11ನೇ ನಿಯಮ ಈ ಪರೀಕ್ಷೆಯದ್ದು. ರಸ್ತೆ ಚಿಹ್ನೆಗಳು, ಸಿಗ್ನಲ್‌ಗಳು, ರಸ್ತೆ ನಿಯಮಗಳು, ಅಪಘಾತ ಆದಾಗ ಚಾಲಕರು ಏನು ಮಾಡಬೇಕು, ಕಾವಲಿಲ್ಲದ ರೈಲ್ವೆ ಗೇಟ್ ದಾಟುವುದು ಹೇಗೆ, ಗಾಡಿ ಜೊತೆ ಯಾವ ಕಾಗದ ಇರಬೇಕು. ಇಷ್ಟೇ ಸಿಲೆಬಸ್. ಪಾಸಾಗಲು ನೂರಕ್ಕೆ 60 ಸರಿ ಇರಬೇಕು ಅನ್ನುತ್ತದೆ ಆ ನಿಯಮ. 15 ಪ್ರಶ್ನೆ ಬಂದರೆ 9 ಅಂತ ಲೆಕ್ಕ. ಆದರೆ ಮನೆಯಲ್ಲಿ ಅಭ್ಯಾಸ ಮಾಡುವಾಗ 15ಕ್ಕೆ 13 ಬರುವ ತನಕ ಬಿಡಬೇಡಿ. ಪ್ರತಿ ಪ್ರಶ್ನೆಗೂ ಗಡಿಯಾರ ಓಡುತ್ತಿರುತ್ತದೆ, ಆ ಗಡಿಬಿಡಿಯಲ್ಲಿ ಗೊತ್ತಿದ್ದದ್ದೂ ಒಂದೆರಡು ತಪ್ಪುತ್ತದೆ.

ಚಿಹ್ನೆ: ಮೊದಲು ಆಕಾರ, ಆಮೇಲೆ ಚಿತ್ರ

ಅವಳು ಹೆಚ್ಚು ಎಡವಿದ್ದು ಇಲ್ಲೇ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನು ಬಲಕ್ಕೆ ಬಾಗಿದ ಒಂದೇ ಬಾಣವನ್ನು ಮೂರು ಸಲ ಬರೆದೆ. ಮೊದಲನೆಯದರ ಸುತ್ತ ಕೆಂಪು ಪೆನ್ನಿನಲ್ಲಿ ತ್ರಿಕೋನ ಹಾಕಿದೆ. ಎರಡನೆಯದರ ಸುತ್ತ ಕೆಂಪು ವೃತ್ತ ಬರೆದು ಬಾಣದ ಮೇಲೆ ಒಂದು ಅಡ್ಡಗೆರೆ ಎಳೆದೆ. ಮೂರನೆಯದರ ಸುತ್ತ ವೃತ್ತ ಹಾಕಿ ಒಳಗೆಲ್ಲ ನೀಲಿ ತುಂಬಿದೆ. "ಈಗ ಮೂರನ್ನೂ ಓದು ಪುಟ್ಟಿ" ಅಂದೆ.

ತ್ರಿಕೋನ ಅಂದರೆ ಎಚ್ಚರಿಕೆ: ಮುಂದೆ ರಸ್ತೆ ಬಲಕ್ಕೆ ತಿರುಗುತ್ತದೆ, ನಿಧಾನ ಮಾಡಿ. ಕೆಂಪು ವೃತ್ತ ಅಂದರೆ ನಿಷೇಧ: ಬಲಕ್ಕೆ ತಿರುಗಬೇಡಿ. ತುಂಬಿದ ನೀಲಿ ವೃತ್ತ ಅಂದರೆ ಕಡ್ಡಾಯ: ಬಲಕ್ಕೇ ತಿರುಗಬೇಕು. ಬಾಣ ಒಂದೇ, ಅರ್ಥ ಮೂರು. ಆಯತಾಕಾರದ ನೀಲಿ ಬೋರ್ಡ್ ಆದರೆ ಸುಮ್ನೆ ಮಾಹಿತಿ. ಆಸ್ಪತ್ರೆ, ಪೆಟ್ರೋಲ್ ಬಂಕ್, ಹೋಟೆಲ್ ಹತ್ತಿರದಲ್ಲಿದೆ ಅಂತ ಹೇಳುತ್ತದೆ, ಅಷ್ಟೇ.

ಇದಕ್ಕೆ ಸೇರದ ಎರಡು ಚಿಹ್ನೆ ಇವೆ, ಪರೀಕ್ಷೆಗೆ ಅವು ಮುಖ್ಯ. 'ನಿಲ್ಲಿ' ಬೋರ್ಡ್‌ಗೆ ಎಂಟು ಮೂಲೆ. 'ದಾರಿ ಬಿಡಿ' ಬೋರ್ಡ್ ತಲೆಕೆಳಗಾದ ತ್ರಿಕೋನ. ಬೋರ್ಡಿಗೆ ಧೂಳು ಮೆತ್ತಿದ್ದರೂ, ಅದನ್ನು ಹಿಂದಿನಿಂದ ನೋಡಿದರೂ ಬರೀ ಆಕಾರದಿಂದಲೇ ಗುರುತು ಹಿಡಿಯಬಹುದು.

ಜನ ಗೊಂದಲ ಮಾಡಿಕೊಳ್ಳುವ ಇನ್ನೊಂದು ಜೋಡಿ ಪಾರ್ಕಿಂಗ್‌ದು. ಒಂದೇ ಅಡ್ಡಗೆರೆ ಇದ್ದರೆ ಗಾಡಿ ಪಾರ್ಕ್ ಮಾಡುವಂತಿಲ್ಲ. ಎರಡು ಗೆರೆ ಕತ್ತರಿಯ ಹಾಗೆ ಇದ್ದರೆ ಗಾಡಿ ನಿಲ್ಲಿಸುವಂತೆಯೇ ಇಲ್ಲ. ಇಂಜಿನ್ ಆನ್ ಇಟ್ಟು ಅರ್ಧ ನಿಮಿಷ ಯಾರನ್ನೋ ಇಳಿಸುವುದೂ ತಪ್ಪೇ.

ಆ ವಾರ ನಮಗೆ ಉಡುಪಿಗೆ ಹೋಗುವುದಿತ್ತು. ತೀರ್ಥಹಳ್ಳಿಯಲ್ಲಿ ಮಿನಿ ಬಸ್ ಹತ್ತಿ ಅವಳನ್ನು ಕಿಟಕಿ ಪಕ್ಕ ಕೂರಿಸಿದೆ. ಬೋರ್ಡ್ ಕಂಡ ಕೂಡಲೇ ಜೋರಾಗಿ ಹೇಳಬೇಕು ಅನ್ನುವುದು ಕರಾರು. ಶಾಲೆ, ಉಬ್ಬು, ಕಿರಿದಾದ ಸೇತುವೆ ಅಂತ ಶುರುವಾಯಿತು. ಆಗುಂಬೆ ಘಾಟಿ ಇಳಿಯುವಾಗ ಹೇರ್‌ಪಿನ್ ತಿರುವಿನ ತ್ರಿಕೋನ ಬಂದಾಗಲೆಲ್ಲ ನಾನು ಬಾಯಿ ಬಿಡುವ ಮೊದಲೇ ಅವಳೇ "ಎಡಕ್ಕೆ", "ಬಲಕ್ಕೆ" ಅನ್ನುತ್ತಿದ್ದಳು. ಆ ಪ್ರಯಾಣ ಆದ ಮೇಲೆ ಚಿಹ್ನೆ ಓದಲು ಅವಳು ಪಿಡಿಎಫ್ ತೆರೆಯಲೇ ಇಲ್ಲ. ನೀವೂ ಹೀಗೆ ಮಾಡಿ ನೋಡಿ. ಬಸ್ಸಲ್ಲಿ, ಆಟೊದಲ್ಲಿ, ಅಪ್ಪನ ಬೈಕ್ ಹಿಂದೆ ಕೂತಾಗ ದಿನಕ್ಕೆ ಹತ್ತು ಬೋರ್ಡ್ ಓದಿದರೆ ಸಾಕು.

ಯಾರು ಮೊದಲು ಹೋಗಬೇಕು

ಈ ಪ್ರಶ್ನೆಗಳಿಗೆ ಉತ್ತರದ ಜೊತೆ ಕಾರಣವನ್ನೂ ಕಲಿತರೆ ಮರೆಯುವುದಿಲ್ಲ.

ಘಾಟಿಯಲ್ಲಿ ಎದುರುಬದುರು ಬಂದಾಗ ಹತ್ತುವ ಗಾಡಿಗೆ ಮೊದಲ ಹಕ್ಕು. ಯಾಕೆ? ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಎಳೆಯುವುದು ಕಷ್ಟ, ಹಿಂದಕ್ಕೆ ಜಾರುವ ಭಯ ಬೇರೆ. ಇಳಿಯುವವರು ಬ್ರೇಕ್ ಹಿಡಿದು ಕಾಯಬಹುದು. ಸರ್ಕಲ್‌ನಲ್ಲಿ ಆಗಲೇ ಒಳಗೆ ಸುತ್ತುತ್ತಿರುವ ಗಾಡಿಗೆ ದಾರಿ ಬಿಟ್ಟು ನೀವು ಒಳಗೆ ನುಗ್ಗಬೇಕು. ಒಳಗಿದ್ದವರನ್ನೇ ತಡೆದರೆ ಇಡೀ ಸರ್ಕಲ್ ಜಾಮ್ ಆಗುತ್ತದೆ ಅಲ್ವಾ? ಸಿಗ್ನಲ್ಲೂ ಪೊಲೀಸರೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ಗಾಡಿಗೆ ದಾರಿ ಕೊಡಬೇಕು. ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಬರುವವರು ಮುಖ್ಯರಸ್ತೆಯವರಿಗೆ ಕಾಯಬೇಕು. ಜೀಬ್ರಾ ಪಟ್ಟಿಯ ಮೇಲೆ ನಡೆದು ಹೋಗುವವರದ್ದೇ ಹಕ್ಕು. ಆಂಬುಲೆನ್ಸ್, ಅಗ್ನಿಶಾಮಕ ವಾಹನ ಬಂದರೆ ಪಕ್ಕಕ್ಕೆ ಸರಿಯಬೇಕು.

ಓವರ್‌ಟೇಕ್ ಬಲಗಡೆಯಿಂದಲೇ. ಮುಂದಿನ ಗಾಡಿ ಬಲಕ್ಕೆ ತಿರುಗಲು ಇಂಡಿಕೇಟರ್ ಹಾಕಿ ರಸ್ತೆ ನಡುವೆ ಬಂದಿದ್ದರೆ ಮಾತ್ರ ಎಡಗಡೆಯಿಂದ ಹೋಗಬಹುದು. ತಿರುವು, ಕಿರಿದಾದ ಸೇತುವೆ, ಎದುರು ಕಾಣದ ಏರು, ಇಲ್ಲೆಲ್ಲ ಓವರ್‌ಟೇಕ್ ಬೇಡವೇ ಬೇಡ.

ಸಿಗ್ನಲ್‌ನಲ್ಲಿ ಮಿಣುಕುವ ದೀಪದ ಬಗ್ಗೆ ಕೇಳುತ್ತಾರೆ. ರಾತ್ರಿ ಹೊತ್ತು ಬೆಂಗಳೂರಲ್ಲೋ ಮೈಸೂರಲ್ಲೋ ಹಳದಿ ಮಿಣುಕುವುದನ್ನು ನೋಡಿರುತ್ತೀರಿ. ಅದಕ್ಕೆ ಅರ್ಥ ನಿಧಾನ ಮಾಡಿ, ನೋಡಿಕೊಂಡು ಹೋಗಿ. ಕೆಂಪು ಮಿಣುಕಿದರೆ ಪೂರ್ತಿ ನಿಂತು, ಎರಡೂ ಕಡೆ ನೋಡಿ, ಆಮೇಲೆ ಹೋಗಬೇಕು. ಮಿಣುಕದ ಹಳದಿ ಬೇಗ ದಾಟಿಬಿಡಿ ಅಂತ ಹೇಳುವುದಲ್ಲ, ನಿಲ್ಲಲು ತಯಾರಾಗಿ ಅಂತ ಹೇಳುವುದು. ಆದರೆ ನಾವು ದಿನಾ ನೋಡುವುದು ಇದರ ಉಲ್ಟಾ. ಹಾಗಾಗಿ ರಸ್ತೆಯ ಬೋರ್ಡ್, ದೀಪಗಳನ್ನು ನೋಡಿ ಕಲಿಯಿರಿ, ಓಡಿಸುವವರನ್ನು ನೋಡಿ ಅಲ್ಲ.

ರೈಲ್ವೆ ಗೇಟ್, ಅಪಘಾತ

ಕಾವಲಿಲ್ಲದ ರೈಲ್ವೆ ಕ್ರಾಸಿಂಗ್ ಬಗ್ಗೆ ಒಂದು ಪ್ರಶ್ನೆ ಬಂದರೂ ಬರಬಹುದು. ಉತ್ತರ ಇಷ್ಟು: ಗಾಡಿ ನಿಲ್ಲಿಸಿ, ಕೆಳಗಿಳಿದು, ಹಳಿಯ ಹತ್ತಿರ ಹೋಗಿ ಎರಡೂ ಕಡೆ ರೈಲು ಬರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ದಾಟಬೇಕು. ಹಾರನ್ ಹೊಡೆದು ವೇಗವಾಗಿ ದಾಟಿ ಅನ್ನುವ ಆಯ್ಕೆಯೂ ಪಕ್ಕದಲ್ಲೇ ಇರಬಹುದು, ಅದನ್ನು ಮುಟ್ಟಬೇಡಿ. ಚಿಹ್ನೆಯಲ್ಲಿ ಇಂಜಿನ್ ಚಿತ್ರ ಇದ್ದರೆ ಕಾವಲಿಲ್ಲದ್ದು, ಗೇಟಿನ ಚಿತ್ರ ಇದ್ದರೆ ಕಾವಲಿರುವುದು.

ಅಪಘಾತ ಆದರೆ ಗಾಯಗೊಂಡವರನ್ನು ಹತ್ತಿರದ ಆಸ್ಪತ್ರೆಗೆ ಸೇರಿಸುವುದು ಮೊದಲ ಕೆಲಸ. ಪೊಲೀಸರಿಗೆ ಆದಷ್ಟು ಬೇಗ, ತಡವಾದರೂ 24 ಗಂಟೆಯೊಳಗೆ ತಿಳಿಸಬೇಕು. ದಾರಿಹೋಕರಾಗಿ ನೆರವಾದವರನ್ನು ಕೇಸಿಗೆ ಎಳೆಯುವಂತಿಲ್ಲ ಅಂತ 2019ರಲ್ಲಿ ಕಾಯ್ದೆಗೇ ಸೇರಿಸಿದ್ದಾರೆ. ಇದು ಪರೀಕ್ಷೆಯಲ್ಲಿ ಬರಲಿ ಬಿಡಲಿ, ಎಲ್ಲರಿಗೂ ಗೊತ್ತಿರಲೇಬೇಕಾದ ವಿಷಯ.

ಕಾಗದಪತ್ರ, ಒಂದಿಷ್ಟು ಸಂಖ್ಯೆ

ಇಲ್ಲಿ ಮಾತ್ರ ಉರು ಹೊಡೆಯದೆ ಬೇರೆ ದಾರಿ ಇಲ್ಲ. ಗಾಡಿ ಜೊತೆ ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ ಇರಬೇಕು. ಡಿಜಿಲಾಕರ್‌ನಲ್ಲಿ ಇದ್ದರೂ ನಡೆಯುತ್ತದೆ. ಸವಾರನ ಹಿಂದೆ ಒಬ್ಬರೇ ಕೂರಬಹುದು. ಹೆಲ್ಮೆಟ್ ಇಬ್ಬರಿಗೂ ಬೇಕು, 4 ವರ್ಷ ಮೇಲ್ಪಟ್ಟ ಮಕ್ಕಳಿಗೂ ಕಡ್ಡಾಯ. ಐಎಸ್‌ಐ ಗುರುತು ಇರಬೇಕು, ಪಟ್ಟಿ ಬಿಗಿದಿರಬೇಕು. ಕುಡಿದು ಓಡಿಸುವ ವಿಷಯದಲ್ಲಿ ಕಾನೂನಿನ ಮಿತಿ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್.

ಕನ್ನಡದಲ್ಲಿ ಬರೆಯುವವರಿಗೆ

ಕನ್ನಡದಲ್ಲೇ ಬರೆಯಿರಿ, ಆದರೆ ಕಚೇರಿ ಕನ್ನಡದ ಪದಗಳನ್ನು ಮೊದಲೇ ಪರಿಚಯ ಮಾಡಿಕೊಳ್ಳಿ. ನಾವು ಓವರ್‌ಟೇಕ್ ಅನ್ನುತ್ತೇವೆ, ಪ್ರಶ್ನೆಯಲ್ಲಿ 'ಹಿಂದಿಕ್ಕುವುದು' ಅಂತ ಬರಬಹುದು. ನಡೆದು ಹೋಗುವವರು 'ಪಾದಚಾರಿಗಳು', ಆರ್‌ಸಿ 'ನೋಂದಣಿ ಪ್ರಮಾಣಪತ್ರ', ಇನ್ಶೂರೆನ್ಸ್ 'ವಿಮೆ'. 'ಹಿಂದಿಕ್ಕುವುದು' ಅಂದರೆ ಹಿಂದೆ ಇಡುವುದು, ಅಂದರೆ ಹಿಂದೆ ಉಳಿಯುವುದು ಅಂತ ನಮ್ಮ ಹುಡುಗಿ ಅಂದುಕೊಂಡಿದ್ದಳು. ಒಂದು ಪದ ತಿಳಿಯದಿದ್ದರೆ ಒಂದು ಅಂಕ ಹೋಯಿತು ಅಂತಲೇ ಲೆಕ್ಕ.

ಕೊನೆಯ ಮೂರು ದಿನ

ಸಾರಥಿ ವೆಬ್‌ಸೈಟ್‌ನಲ್ಲೇ ಅಣಕು ಪರೀಕ್ಷೆ ಇದೆ, ಪುಕ್ಕಟೆ. ದಿನಕ್ಕೆ ಮೂರು ಸಲ ಬರೆಯಿರಿ. ತಪ್ಪಾದ ಪ್ರಶ್ನೆಗಳನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದುಕೊಂಡು, ಯಾಕೆ ತಪ್ಪಾಯಿತು ಅಂತ ಪಕ್ಕದಲ್ಲಿ ಒಂದು ಸಾಲು ಹಾಕಿ. ನಮ್ಮ ಹುಡುಗಿಯ ಹಾಳೆಯಲ್ಲಿ ಮೊದಲ ದಿನ ಏಳು ಸಾಲು ಇದ್ದವು, ಮೂರನೇ ದಿನ ಒಂದೇ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಕೊನೆಯ ಪದದವರೆಗೂ ಓದಿ. 'ಮಾಡಬೇಕು', 'ಮಾಡಬಾರದು' ಇರುವುದು ಕನ್ನಡದಲ್ಲಿ ಯಾವಾಗಲೂ ಕೊನೆಯಲ್ಲೇ.

ಪಾಸಾದ ಮೇಲೆ

ಎಲ್‌ಎಲ್‌ಆರ್‌ಗೆ 6 ತಿಂಗಳ ಅವಧಿ. ಅದು ಸಿಕ್ಕಿ 30 ದಿನ ಆದ ಮೇಲೆ ಡಿಎಲ್, ಅಂದರೆ ಪೂರ್ಣ ಲೈಸೆನ್ಸ್ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಗಾಡಿಯ ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು 'ಎಲ್' ಇರಬೇಕು. ಬೋರ್ಡ್ 18 ಸೆಂಟಿಮೀಟರ್ ಚೌಕಕ್ಕಿಂತ, ಅಕ್ಷರ 10 ಸೆಂಟಿಮೀಟರ್ ಎತ್ತರಕ್ಕಿಂತ ಕಡಿಮೆ ಇರಬಾರದು. ಹಿಂದೆ ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ಲೈಸೆನ್ಸ್ ಇದ್ದು ನಿಮಗೆ ಕಲಿಸುವವರು ಮಾತ್ರ ಕೂರಬಹುದು. ನಮ್ಮ ಹುಡುಗಿ ಎರಡನೇ ಸಲ ಪಾಸಾದಳು. ಸದ್ಯಕ್ಕೆ ಬೆಳಿಗ್ಗೆ ಆರಕ್ಕೆ ಅವಳ ಹಿಂದೆ ಕೂರುವುದು ನನ್ನ ಕೆಲಸ, ಬೋರ್ಡ್ ಕಂಡಾಗಲೆಲ್ಲ ಅವಳು ಈಗಲೂ ಜೋರಾಗಿ ಓದುತ್ತಾಳೆ.